ಊಟಕ್ಕೆ ಕರೆಯುವ ಸಿಳ್ಳೆ

ಜೂನ್ ೯

ಅಪ್ಪಾ,

ಮೊದಲು ಜಗಳ, ಆಮೇಲೆ ಕ್ಷೇಮ ಸಮಾಚಾರ. ಯಾವಾಗ ಫೋನ್ ಮಾಡಿದರೂ ಅಮ್ಮನೇ ಎತ್ತುತ್ತಾಳೆ. ನೀನೆಲ್ಲಿ ಅಂದರೆ, "ನಿಮ್ಮಪ್ಪ ಸ್ನಾನಕ್ಕೆ ಹೋಗಿದಾರೆ ಕಣೆ" ಅನ್ನುತ್ತಾಳೆ. ಬೆಳಿಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ನೀನು ಅಂಚೆ ಹಂಚುವ ಕೆಲಸ ಬಿಟ್ಟು ಮೀನಾಗಿದ್ದೀಯಾ? ಊರಿಗೆಲ್ಲ ಕಾಗದ ಹಂಚುವವನ ಮಗಳು ಫೋನ್ ಮಾಡುವುದು ನಿನ್ನ ಕಸುಬಿಗೆ ಅವಮಾನ ಅಂತಿದ್ದರೆ, ಇಗೋ, ಅಂಚೆಚೀಟಿ ಅಂಟಿಸಿಯೇ ಕಳಿಸುತ್ತಿದ್ದೇನೆ. ನೀನೇ ಹೊತ್ತುಕೊಂಡು ಬಂದು ನೀನೇ ಓದಿಕೋ.

ವಿಷಯ ಇಷ್ಟು. ಸಂಗೀತ ಕಾಲೇಜಿನಲ್ಲಿ ಇದು ನನ್ನ ಕೊನೆಯ ವರ್ಷ. ಮಾರ್ಚಿನಲ್ಲಿ ಪರೀಕ್ಷೆ. ದೊಡ್ಡ ಸಭಾಂಗಣದಲ್ಲಿ, ಪರೀಕ್ಷಕರ ಎದುರು, ನಾನೇ ಕಟ್ಟಿದ ಒಂದು ರಚನೆಯನ್ನು ಕ್ಲಾರಿನೆಟ್ಟಿನಲ್ಲಿ ನುಡಿಸಬೇಕು. ಮೊದಲ ಸಾಲಿನಲ್ಲಿ ಪ್ರತಿ ವಿದ್ಯಾರ್ಥಿಯ ಮನೆಯವರಿಗೆ ಒಂದು ಕುರ್ಚಿ ಮೀಸಲು. ಹೋದ ವರ್ಷ ನನ್ನ ಕುರ್ಚಿ ಖಾಲಿ ಇತ್ತಲ್ಲ, ಯಾರೋ ಪುಣ್ಯಾತ್ಮರು ಅದರ ಮೇಲೆ ಒದ್ದೆ ಕೊಡೆ ಇಟ್ಟಿದ್ದರು. ಇಡೀ ಹೊತ್ತು ನಾನು ಆ ಕೊಡೆಗೆ ನುಡಿಸಿದೆ. ಒಳ್ಳೆಯ ಕೊಡೆ, ತುಟಿ ಪಿಟಕ್ಕೆನ್ನದೆ ಕೇಳಿತು. ಆದರೆ ಅಪ್ಪಾ, ನನಗೆ ಅಳು ಬಂದಿತ್ತು. ಈ ಸಲ ಅಲ್ಲಿ ನೀನು ಕೂರಬೇಕು. ಅಮ್ಮ ಮೊದಲ ವರ್ಷವೇ ಬಂದು ಕೇಳಿದ್ದಾಳೆ. ಇರುವುದು ಒಂದೇ ಕುರ್ಚಿಯಾದರೆ ಅದು ನಿಮ್ಮಪ್ಪನದೇ ಅಂತ ಅವಳೇ ತೀರ್ಪು ಕೊಟ್ಟಾಗಿದೆ.

ಕೋಣೆಯ ಬಾಡಿಗೆಗೆ ಅಂತ ಸಿಕ್ಕ ಕೆಲಸಕ್ಕೆಲ್ಲ ಹೂಂ ಅನ್ನುತ್ತಿದ್ದೇನೆ. ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕರೆದವರಿಗೆ ಮೊದಲು "ಬರ್ತೀನಿ" ಅನ್ನಬೇಕು, ಏನು ಕೆಲಸ ಅಂತ ಆಮೇಲೆ ಕೇಳಬೇಕು. ಮೊದಲೇ ಕೇಳಿದರೆ ಆ ಕೆಲಸ ಇನ್ನೊಬ್ಬರ ಪಾಲು. ಹಾಗೆ ಹೂಂ ಅಂದು ಹೋದರೆ, ಈಜುಕೊಳದ ಕಟ್ಟೆಯ ಮೇಲೆ ನಿಂತು, ನೀರಿನಲ್ಲಿ ವ್ಯಾಯಾಮ ಮಾಡುವ ಅಜ್ಜಿಯರಿಗೆ ನುಡಿಸುವ ಕೆಲಸ! ನಾನು ಸ್ವಲ್ಪ ಜೋರು ಹಿಡಿದರೆ ಸಾಕು, "ಏ ಹುಡುಗೀ, ನಿಧಾನ! ನಮ್ಮನ್ನ ಮುಳುಗಿಸ್ಬೇಕು ಅಂತಿದೀಯಾ?" ಅಂತ ಎಲ್ಲರೂ ಸೇರಿ ನೀರೆರಚುತ್ತಾರೆ. ಇದು ಗೊತ್ತಾಗಿ ನಮ್ಮ ಮೇಷ್ಟ್ರು ಮುಖ ಊದಿಸಿಕೊಂಡಿದ್ದಾರೆ. "ಕಂಡಕಂಡಲ್ಲಿ ಊದಿದ್ರೆ ಕಿವಿ ಕೆಡುತ್ತಮ್ಮಾ. ಪರೀಕ್ಷೆ ದಿನ ನಿನಗೇ ಗೊತ್ತಾಗುತ್ತೆ" ಅಂದರು. ನನಗೂ ಒಳಗೊಳಗೇ ಹೆದರಿಕೆ ಇದೆ. ಆದರೆ ಅಜ್ಜಿಯರು ಮುಂದಿನ ವಾರವೂ ಬಾ ಅಂದಿದ್ದಾರೆ, ಹೋಗುತ್ತೇನೆ.

ಕುರ್ಚಿಯ ಬಗ್ಗೆ ಬೇಗ ಬರೆ.

ನಿನ್ನ
ಪೀಪಿ


ಜೂನ್ ೨೧

ಪೀಪಿಗೆ,

ನಿನ್ನ ಕಾಗದ ನನ್ನ ಚೀಲಕ್ಕೇ ಬಿತ್ತು. ಕೆಲಸದ ಹೊತ್ತಿನಲ್ಲಿ ಕಾಗದ ಒಡೆಯಬಾರದು ಎಂಬ ನಿಯಮವಿದೆ. ವಿಳಾಸದಾರನ ಕೈಗೆ ಕೊಟ್ಟ ಮೇಲೆ ಅವನು ಏನಾದರೂ ಮಾಡಿಕೊಳ್ಳಲಿ ಎಂಬ ನಿಯಮವೂ ಇದೆ. ಹಾಗಾಗಿ ಬೇಕರಿಯ ತಿರುವಿನಲ್ಲಿ ಸೈಕಲ್ಲಿನಿಂದಿಳಿದು, ನನಗೆ ನಾನೇ ಕಾಗದ ತಲುಪಿಸಿಕೊಂಡು, ಅಲ್ಲೇ ನಿಂತು ಓದಿದೆ. ಬೇಕರಿಯವನು ಹೊರಗೆ ಬಂದು, "ಏನ್ ಸಾರ್, ಒಬ್ಬೊಬ್ಬರೇ ನಗ್ತಿದೀರಾ" ಅಂದ. ಇವನಿಗೇನು ಹೇಳುವುದು?

ಸ್ನಾನ ಆರೋಗ್ಯಕ್ಕೆ ಒಳ್ಳೆಯದು. ಆ ವಿಷಯ ಅಲ್ಲಿಗೆ ಬಿಡು.

ಈಜುಕೊಳದ ಕೆಲಸಕ್ಕೆ ನನ್ನ ಅಡ್ಡಿಯೇನಿಲ್ಲ. ನಾಯಿ ಇರುವ ಮನೆಗೆ ಹೋಗಲ್ಲ, ಮೆಟ್ಟಿಲಿರುವ ಮನೆಗೆ ಹೋಗಲ್ಲ ಅಂತ ನಾನು ಕೂತಿದ್ದರೆ ಅರ್ಧ ಊರಿಗೆ ಕಾಗದವೇ ಸಿಗುತ್ತಿರಲಿಲ್ಲ. ಆದರೆ ಒದ್ದೆ ನೆಲ, ಜಾರೀಯೆ. ರಬ್ಬರ್ ಚಪ್ಪಲಿ ಹಾಕಿಕೋ.

ಕುರ್ಚಿಯ ವಿಷಯ ನೋಡೋಣ. ಮಾರ್ಚಿನಲ್ಲಿ ನಮಗೆ ಕೆಲಸ ಜಾಸ್ತಿ.

ಇಂತಿ ನಿನ್ನ ಅಪ್ಪ


ಜುಲೈ ೧೪

ಅಪ್ಪಾ,

ನಮ್ಮ ಮನೆಯಲ್ಲಿ "ನೋಡೋಣ" ಅಂದರೆ "ಇಲ್ಲ" ಅಂತ ಅರ್ಥ. ಚಿಕ್ಕಂದಿನಲ್ಲಿ ನಾಯಿಮರಿ ಕೇಳಿದಾಗಲೂ ನೋಡೋಣ ಅಂದಿದ್ದೆ, ಇವತ್ತಿಗೂ ನೋಡುತ್ತಲೇ ಇದ್ದೇವೆ. ಈ ಸಲ ನಾನು ಬಿಡುವವಳಲ್ಲ.

ಅದಿರಲಿ, ನಡೆದ ಕಥೆ ಕೇಳು. ಇಲ್ಲಿ ಒಂದು ದೊಡ್ಡ ದಿನಸಿ ಅಂಗಡಿಯವರು ಹೊಸದಾಗಿ ಮೇಲಂತಸ್ತು ತೆರೆದರು. ಗಿರಾಕಿಗಳನ್ನು ಸೆಳೆಯಲು ಬಾಗಿಲಲ್ಲಿ ಯಾರಾದರೂ ನುಡಿಸುತ್ತಿರಬೇಕು ಅಂತ ನನ್ನನ್ನು ಕರೆದರು. ಮಧ್ಯಾಹ್ನ ಶುರುಮಾಡಿದವಳು ಸಂಜೆಯಾದರೂ ಊದುತ್ತಲೇ ಇದ್ದೆ. ಬರುವ ಹಾಡೆಲ್ಲ ಎರಡೆರಡು ಸಲ ಮುಗಿದವು. ಕಾಲು ಸೋತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಆಗ ಬೆರಳು ತಮ್ಮಷ್ಟಕ್ಕೆ ತಾವೇ ಏನು ನುಡಿಸಿದವು ಗೊತ್ತೇ? ನಿನ್ನ ಸಿಳ್ಳೆ! ಬೀದಿಯಲ್ಲಿ ಆಡುತ್ತಿದ್ದ ನನ್ನನ್ನು ಊಟಕ್ಕೆ ಕರೆಯಲು ಗೇಟಿನ ಹತ್ತಿರ ನಿಂತು ಹಾಕುತ್ತಿದ್ದೆಯಲ್ಲ, ಅದೇ. ಒಂದು ಸಲ ಬಂದಿದ್ದೇ ತಡ, ಅದನ್ನೇ ತಿರುಗಿಸಿ ಮುರುಗಿಸಿ ನುಡಿಸಿಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅಂಗಡಿ ಖಾಲಿಯಾಗುತ್ತಿದೆ! ಒಬ್ಬರು ಅರ್ಧ ತುಂಬಿದ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಹೊರಟರು. ಒಬ್ಬ ಅಜ್ಜಿ ನನ್ನ ಹತ್ತಿರ ಬಂದು, "ಯಾಕೋ ಮನೇಲಿ ಎಲ್ಲರೂ ತಟ್ಟೆ ಮುಂದೆ ಕೂತು ನನಗೇ ಕಾಯ್ತಿದಾರೆ ಅನ್ನಿಸ್ತು ಕಣಮ್ಮ" ಅಂತ ಹೇಳಿ ಬಿರಬಿರನೆ ನಡೆದರು. ಮಾಲೀಕರು ಮೆಟ್ಟಿಲಿಳಿದು ಓಡಿ ಬಂದರು. "ಏನಮ್ಮಾ ಇದು? ಜನ ಸೇರಿಸು ಅಂದ್ರೆ ಜನ ಓಡಿಸ್ತಿದೀಯಲ್ಲ!" ಮಾರನೆಯ ದಿನ ಅವರೇ ಹೇಳಿಕಳಿಸಿದರು. ಬೈಸಿಕೊಳ್ಳುವುದಕ್ಕೆ ಸಿದ್ಧವಾಗಿ ಹೋದರೆ, ಹಲ್ಲು ಕಿರಿಯುತ್ತಾ ಕುರ್ಚಿ ಕೊಟ್ಟರು. ದಿನಾ ಅಂಗಡಿ ಮುಚ್ಚುವ ಹೊತ್ತಿಗೆ ದೀಪ ಆರಿಸಿದರೂ ಜಪ್ಪಯ್ಯ ಅಂದರೂ ಗಿರಾಕಿಗಳು ಕದಲುವುದಿಲ್ಲವಂತೆ. ಇನ್ನು ಮೇಲೆ ಮುಚ್ಚುವ ಹೊತ್ತಿಗೆ ಬಂದು ಅದೊಂದನ್ನು ನುಡಿಸಿ ಹೋಗಬೇಕಂತೆ! ವಾರ ಕಳೆದ ಮೇಲೆ ಕ್ಯಾಷಿನಲ್ಲಿ ಕೂರುವ ಅಕ್ಕ ನನ್ನ ಕೈ ಹಿಡಿದು, "ನೀನು ಬಂದಾಗಿನಿಂದ ನನ್ನ ಬಸ್ಸು ತಪ್ಪಿಲ್ಲ ಕಣೆ" ಅಂದಳು.

ಅಲ್ಲೇ ನನಗೆ ಹೊಳೆದದ್ದು. ಪರೀಕ್ಷೆಯ ರಚನೆಯನ್ನು ನಿನ್ನ ಸಿಳ್ಳೆಯ ಮೇಲೇ ಕಟ್ಟುತ್ತೇನೆ. ಆದರೆ ಒಂದು ತೊಡಕಿದೆ. ಅದರಲ್ಲಿ ಐದು ಸ್ವರ ಅಂತ ನನ್ನ ನೆನಪು. ನಾಲ್ಕು ಸರಿಯಾಗಿ ಕೂರುತ್ತವೆ, ಐದನೆಯದು ಹೇಗೆ ಊದಿದರೂ ಸಿಳ್ಳೆಯ ಹಾಗೆ ಕೇಳುವುದಿಲ್ಲ. ಫೋನಿನಲ್ಲಿ ಒಂದು ಸಲ ಸಿಳ್ಳೆ ಹಾಕಿ ತೋರಿಸು, ನನ್ನಪ್ಪ ಅಲ್ಲವಾ.

ನಿನ್ನ
ಪೀಪಿ


ಆಗಸ್ಟ್ ೨

ಪೀಪಿಗೆ,

ಅಂಗಡಿಯ ಕಥೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಅಧಿಕಾರಿ ನಕ್ಕು ನಕ್ಕು ಸೀಲನ್ನು ತಮ್ಮ ಕೈಗೇ ಒತ್ತಿಕೊಂಡರು.

ಫೋನಿನಲ್ಲಿ ಸಿಳ್ಳೆ ಹಾಕುವುದು ನನ್ನಿಂದಾಗದು. ಕಾರಣ ಕೇಳಬೇಡ. ಅದರ ಅಗತ್ಯವೂ ಇಲ್ಲ, ಯಾಕೆಂದರೆ ನಿನ್ನ ಲೆಕ್ಕವೇ ತಪ್ಪು. ನಾನು ಹಾಕುತ್ತಿದ್ದುದು ನಾಲ್ಕೇ ಸ್ವರ. ನಾಲ್ಕು ಮುಗಿಸಿ ನಿಲ್ಲುತ್ತಿದ್ದೆ. ಬೀದಿಯ ಆ ತುದಿಯಿಂದ "ಬಂದೇ...!" ಅಂತ ನೀನು ಎಳೆದು ಕೂಗುತ್ತಿದ್ದೆ. ಐದನೆಯದು ಅದು. ಅದು ನನ್ನದಲ್ಲ, ನಿನ್ನದು. ನೀನು ಕೂಗುವವರೆಗೆ ನಾನು ಗೇಟು ಬಿಟ್ಟು ಒಳಗೆ ಹೋಗುತ್ತಿರಲಿಲ್ಲ.

ನೀನು ಕಾಲೇಜಿಗೆ ಹೋದ ಮೇಲೂ ಕೆಲವು ಸಂಜೆ ಅಭ್ಯಾಸಬಲದಿಂದ ಹಾಕುತ್ತಿದ್ದೆ. ಆಮೇಲೆ ಬಿಟ್ಟೆ.

ಇಂತಿ ನಿನ್ನ ಅಪ್ಪ

(ಮಗಳೇ, ಇವರು ಲಕೋಟೆ ಅಂಟಿಸೋಕೆ ಗೋಂದು ಹುಡುಕ್ತಾ ಒಳಗೆ ಹೋಗಿದಾರೆ, ಅಷ್ಟರಲ್ಲಿ ಬರೀತಿದೀನಿ. ಮೇ ತಿಂಗಳಲ್ಲಿ ಸಿಳ್ಳೆ ಹಾಕ್ಕೊಂಡು ಸೈಕಲ್ ಹೊಡೀತಾ ಯಾರದೋ ತೆರೆದ ಗೇಟಿಗೆ ಹೋಗಿ ಗುದ್ದಿಕೊಂಡು ಮುಂದಿನ ಹಲ್ಲು ಮುರ್ಕೊಂಡ್ರು. ಇಲ್ಲಿ ಕಟ್ಟಿಸಿದ ಹಲ್ಲು ಸಡಿಲ. ಬೇಕು ಅಂದಾಗ ಸಿಳ್ಳೆ ಬರಲ್ಲ, ಮಾತಾಡಿದ್ರೆ ತಾನಾಗೇ ಸುಯ್ ಅಂತ ಬರುತ್ತೆ. ನೀನು ನಗ್ತೀಯ ಅಂತ ಫೋನ್ ಕಂಡ್ರೆ ಬಚ್ಚಲಿಗೆ ಓಡ್ತಾರೆ. ನಾನು ಹೇಳ್ದೆ ಅಂತ ಹೇಳ್ಬೇಡ. — ಅಮ್ಮ)


ಆಗಸ್ಟ್ ೨೬

ಅಪ್ಪಾ,

ಕಾಗದ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಆಮೇಲೆ ಅತ್ತೆ, ಆಮೇಲೆ ಮತ್ತೆ ನಕ್ಕೆ. ಯಾಕೆ ಅಂತ ಹೇಳುವಂತಿಲ್ಲ, ಮಾತು ಕೊಟ್ಟಿದ್ದೇನೆ.

ಐದನೆಯ ಸ್ವರ ನನ್ನದು! ಅದಕ್ಕೇ ಕ್ಲಾರಿನೆಟ್ಟಿನಲ್ಲಿ ಕೂರುತ್ತಿರಲಿಲ್ಲ. ಈಗ ರಚನೆಯ ರೂಪ ಸಿಕ್ಕಿತು. ನಾಲ್ಕು ಸ್ವರ ನುಡಿಸಿ ನಿಲ್ಲುತ್ತೇನೆ. ಕಾಯುತ್ತೇನೆ. ಏನೂ ಉತ್ತರ ಬರುವುದಿಲ್ಲ. ಆಮೇಲೆ ಮುಂದುವರಿಯುತ್ತೇನೆ. ಮೇಷ್ಟ್ರು, "ಇಷ್ಟುದ್ದ ಮೌನ ಯಾಕಮ್ಮಾ? ಮರೆತುಹೋಯ್ತು ಅಂದ್ಕೋತಾರೆ" ಅಂದರು. ಅಂದುಕೊಳ್ಳಲಿ ಬಿಡಿ ಅಂದೆ.

ಇನ್ನೊಂದು ಸುದ್ದಿ. ಹೊಸ ಕೆಲಸ ಸಿಕ್ಕಿದೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ! ಒಳಗೆ ಡ್ರಿಲ್ಲು ಕಿರುಗುಟ್ಟುವುದು ಕೇಳಿಸಿದರೆ ಹೊರಗೆ ಕೂತವರು ಕಾಲಿಗೆ ಬುದ್ಧಿ ಹೇಳುತ್ತಾರೆ. ಅದು ಕೇಳಿಸದಂತೆ ನಾನು ನುಡಿಸುತ್ತಿರಬೇಕು. ಮೊದಮೊದಲು ಡ್ರಿಲ್ಲು ಒಂದು ಕಡೆ ಎಳೆದರೆ ನಾನೊಂದು ಕಡೆ ಎಳೆದು ಕರ್ಣಕಠೋರವಾಗುತ್ತಿತ್ತು. ಈಗ ಉಪಾಯ ಗೊತ್ತಾಗಿದೆ. ಡ್ರಿಲ್ಲು ಯಾವ ಸ್ವರದಲ್ಲಿ ಕೂಗುತ್ತದೋ ಅದನ್ನೇ ಹಿಡಿದು ಅಲ್ಲಿಂದ ಹಾಡು ಶುರುಮಾಡುತ್ತೇನೆ. ಡ್ರಿಲ್ಲು ಸ್ವರ ಬದಲಿಸಿದರೆ ನಾನೂ ಬದಲಿಸುತ್ತೇನೆ. ಜನ ಅದೂ ಒಂದು ವಾದ್ಯ ಅಂದುಕೊಂಡು ತಲೆದೂಗುತ್ತಾರೆ.

ಡಾಕ್ಟರಮ್ಮನಿಗೆ ಒಂದು ಮಾತು ಹೇಳಿದ್ದೇನೆ. ಸಂಬಳ ಬೇಡ, ನನಗೆ ಬೇಕಾದವರೊಬ್ಬರಿಗೆ ಹಲ್ಲು ಕಟ್ಟಿಕೊಡಿ ಅಂತ. "ನಿನಗ್ಯಾರೇ ಹಲ್ಲಿಲ್ಲದೋರು?" ಅಂದರು. ಇದ್ದಾರೆ ಅಂದೆ. ಅವರ ಹೆಸರು ನಾನು ಹೇಳುವುದಿಲ್ಲ, ಅವರು ಆಗಾಗ ಸ್ನಾನ ಮಾಡುತ್ತಾರೆ.

ನಿನ್ನ
ಪೀಪಿ


ನವೆಂಬರ್ ೧೭

ಪೀಪಿಗೆ,

ನಿನ್ನ ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಲಕೋಟೆ ಬಿಟ್ಟು ಗೋಂದಿಗೆ ಹೋದೆ. ತಪ್ಪು ನನ್ನದೇ.

ಇಷ್ಟು ದಿನ ಬರೆಯಲಿಲ್ಲ. ಕೋಪವಿಲ್ಲ. ಬರೆಯಬೇಕಾದದ್ದು ಪೆನ್ನಿಗೆ ಬರುತ್ತಿರಲಿಲ್ಲ. ಹೋದ ವರ್ಷ ಹಲ್ಲು ನೆಟ್ಟಗಿತ್ತು, ಆದರೂ ಯಾಕೆ ಬರಲಿಲ್ಲ ಅಂತ ನೀನು ಕೇಳಲಿಲ್ಲ. ನೀನು ಕೇಳಲಿಲ್ಲ ಅನ್ನುವುದೇ ನನಗೆ ಹೆಚ್ಚು ಚುಚ್ಚಿತು. ಅದಕ್ಕೆ ಹೇಳುತ್ತೇನೆ.

ನನಗೆ ಭಯ, ಮಗಳೇ. ಒಮ್ಮೆ ಒಂದು ಸಭಾಂಗಣಕ್ಕೆ ರಿಜಿಸ್ಟರ್ ಕಾಗದ ಕೊಡಲು ಹೋಗಿದ್ದೆ. ಒಳಗೆ ಪಿಟೀಲು ನಡೆಯುತ್ತಿತ್ತು. ಬಾಗಿಲಲ್ಲೇ ಮೈಮರೆತು ನಿಂತೆ, ಅಷ್ಟು ಚೆನ್ನಾಗಿತ್ತು. ಪಿಟೀಲು ನಿಂತಿತು. ಮುಗಿಯಿತು ಅಂತ ನಾನು ಚಟಚಟ ಚಪ್ಪಾಳೆ ತಟ್ಟಿದೆ. ಮುಗಿದಿರಲಿಲ್ಲ. ಇಡೀ ಸಭೆಯಲ್ಲಿ ತಟ್ಟಿದವನು ನಾನೊಬ್ಬನೇ. ಅಷ್ಟೂ ತಲೆಗಳು ತಿರುಗಿ ನನ್ನ ಖಾಕಿ ಅಂಗಿಯನ್ನು ನೋಡಿದವು. ನಿನ್ನ ಪರೀಕ್ಷೆಯ ದಿನ, ಮೊದಲ ಸಾಲಿನಲ್ಲಿ ಕೂತು, ತಪ್ಪು ಜಾಗದಲ್ಲಿ ತಟ್ಟಿ ನಿನ್ನ ಮಾನ ಕಳೆದರೆ? ಕೊಡೆಯಾದರೆ ಸುಮ್ಮನಿರುತ್ತದೆ.

ಹೀಗೆಂದು ನಿನ್ನ ಸಂಗೀತ ಬೇಡವೆಂದಲ್ಲ. ನೀನು ಇಲ್ಲಿದ್ದಾಗ ಒಳಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ನಾನು ಹೊರಗೆ ಸೈಕಲ್ ಒರೆಸುತ್ತಾ ಕೂರುತ್ತಿದ್ದೆನಲ್ಲ. ಅಷ್ಟೊಂದು ಒರೆಸುವಷ್ಟು ಕೊಳೆ ಆ ಸೈಕಲ್ಲಿಗೆ ಯಾವತ್ತೂ ಇರಲಿಲ್ಲ.

ಇಂತಿ ನಿನ್ನ ಅಪ್ಪ


ನವೆಂಬರ್ ೨೪

ಅಪ್ಪಾ,

ಕಾಗದವನ್ನು ಕ್ಲಾರಿನೆಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೇನೆ. ಈಜುಕೊಳದ ಅಜ್ಜಿಯರಿಗೆ ನಿನ್ನ ಚಪ್ಪಾಳೆಯ ಕಥೆ ಹೇಳಿದೆ, ಕ್ಷಮಿಸು. ಅವರಲ್ಲಿ ಗಟ್ಟಿ ದನಿಯವರೊಬ್ಬರು, "ಆ ಪಿಟೀಲಿನವನ ಜಾಗದಲ್ಲಿ ನಾನಿದ್ದಿದ್ರೆ ಉಳಿದೋರನ್ನ ಹೊರಗೆ ಕಳಿಸಿ ನಿಮ್ಮಪ್ಪನಿಗೊಬ್ಬನಿಗೇ ನುಡಿಸ್ತಿದ್ದೆ" ಅಂದರು. ಎಲ್ಲರೂ ಹೌದು ಹೌದು ಅಂದರು.

ಈಗ ಸರಿಯಾಗಿ ಕೇಳಿಸಿಕೋ. ಇದು ಬಹಳ ಸುಲಭ. ನಾನು ಕ್ಲಾರಿನೆಟ್ ಕೆಳಗಿಳಿಸಿ, ಬಗ್ಗಿ ನಮಸ್ಕಾರ ಮಾಡಿದ ಮೇಲೆ ತಟ್ಟಬೇಕು. ಅಲ್ಲಿಯವರೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತುಬಿಡು. ಕೈ ಅಲ್ಲಿದ್ದರೆ ತಟ್ಟುವುದಕ್ಕೆ ಎಲ್ಲಿಂದ ಬರುತ್ತದೆ?

ಪರೀಕ್ಷೆ ಮಾರ್ಚ್ ೧೮, ಮಧ್ಯಾಹ್ನ. ಡಾಕ್ಟರಮ್ಮ ನಿನ್ನ ಹಲ್ಲಿಗೆ ಸಮಯ ಕೊಟ್ಟಿರುವುದೂ ಮಾರ್ಚ್ ೧೮, ಬೆಳಿಗ್ಗೆ. ಎಂಥ ಕಾಕತಾಳೀಯ ನೋಡು! ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ, ಹಲ್ಲಿಗೆ ಬಾ. ನಾನು ಇಷ್ಟು ದಿನ ಡ್ರಿಲ್ಲಿನ ಜೊತೆ ಜುಗಲಬಂದಿ ನುಡಿಸಿ ಗಳಿಸಿದ ಹಲ್ಲು ಅದು, ವ್ಯರ್ಥ ಮಾಡಬೇಡ.

ನಿನ್ನ
ಪೀಪಿ


ಮಾರ್ಚ್ ೧

ಪೀಪಿಗೆ,

ಹಲ್ಲಿಗೆ ಬರುತ್ತೇನೆ. ಮಧ್ಯಾಹ್ನದ್ದು ನೋಡೋಣ.

ನಿಮ್ಮಮ್ಮ ನನ್ನ ಅಂಗಿಗೆ ಹೊಸ ಕಾಲರ್ ಹೊಲಿಯುತ್ತಿದ್ದಾಳೆ. ಯಾಕೆ ಅಂದರೆ ಹಲ್ಲಿನ ಡಾಕ್ಟರು ಕಾಲರ್ ನೋಡುತ್ತಾರೆ ಅನ್ನುತ್ತಾಳೆ.

ಇಂತಿ ನಿನ್ನ ಅಪ್ಪ


ಮಾರ್ಚ್ ೧೯

ಅಮ್ಮಾ,

ನಿನ್ನೆ ನಡೆದದ್ದನ್ನು ಅಪ್ಪ ನಿನಗೆ ಹೇಳಿರಲಾರ, ಹೇಳಿದ್ದರೂ ಅರ್ಧ ನುಂಗಿರುತ್ತಾನೆ. ಅದಕ್ಕೆ ಈ ಕಾಗದ ನಿನಗೆ. ಅವನೇ ತಂದು ಕೊಡುತ್ತಾನೆ, ಅವನೆದುರಿಗೇ ಜೋರಾಗಿ ಓದು.

ಬೆಳಿಗ್ಗೆ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು ಮುರಿದ ಬೇರುಗಳನ್ನು ತೆಗೆದರು, ಹೊಸ ಹಲ್ಲಿಗೆ ಅಳತೆ ತೆಗೆದುಕೊಂಡರು. ಹೊರಗೆ ನಾನು ನುಡಿಸುತ್ತಿದ್ದೆ. ಅಪ್ಪ ಹೊರಬಂದಾಗ ಅವನ ಅರ್ಧ ಮುಖಕ್ಕೆ ಅರಿವೇ ಇರಲಿಲ್ಲ, ತುಟಿ ಒಂದು ಕಡೆ ಜೋತುಬಿದ್ದಿತ್ತು. "ಮಧ್ಯಾಹ್ನ?" ಅಂದೆ. "ನೋಡೋಣ" ಅಂತ ಏನೋ ಗೊಣಗಿದ. ಬಸ್ ನಿಲ್ದಾಣದ ದಾರಿ ತೋರಿಸಿ, ತಿರುಗಿ ನೋಡದೆ ಕಾಲೇಜಿಗೆ ಹೋದೆ.

ನನ್ನ ಸರದಿ ಬಂತು. ವೇದಿಕೆಗೆ ಹೋಗಿ ಕಣ್ಣೆತ್ತಿದರೆ, ಮೊದಲ ಸಾಲಿನಲ್ಲಿ ಅಪ್ಪ! ಹೊಸ ಕಾಲರ್, ಬಾಚಿದ ತಲೆ, ಎರಡೂ ಕೈ ತೊಡೆಯ ಕೆಳಗೆ. ಕುರ್ಚಿಗೆ ಕಟ್ಟಿಹಾಕಿದವರ ಹಾಗೆ ಕೂತಿದ್ದ. ಅಮ್ಮಾ, ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಶುರುಮಾಡಿದೆ. ಆ ನಾಲ್ಕು ಸ್ವರದ ಜಾಗ ಬಂತು. ನಾಲ್ಕೂ ನುಡಿಸಿ ನಿಂತೆ. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ.

"ಬಂದೇ...!"

ಅಪ್ಪ! ಕೂಗಿಬಿಟ್ಟ! ಬಾಯಿ ಮರಗಟ್ಟಿತ್ತಲ್ಲ, ಎಷ್ಟು ಜೋರಾಗಿ ಕೂಗಿದೆನೆಂದು ಅವನಿಗೇ ಗೊತ್ತಾಗಿಲ್ಲ. ಕಿಟಕಿಯ ಗಾಜು ನಡುಗಿತು. ಅಷ್ಟೂ ತಲೆಗಳು ತಿರುಗಿದವು. ಅಪ್ಪ ಪಿಳಿಪಿಳಿ ಕಣ್ಣು ಬಿಡುತ್ತಾ ಕೂತ, ಕೈ ಮಾತ್ರ ತೊಡೆಯ ಕೆಳಗೇ ಇತ್ತು. ನಾನು ಕೈಗೆ ಹೇಳಿಕೊಟ್ಟಿದ್ದೆ, ಬಾಯಿಗೆ ಹೇಳಿಕೊಟ್ಟಿರಲಿಲ್ಲ.

ನನಗೆ ನಗು ಉಕ್ಕಿತು. ತುಟಿ ನಕ್ಕರೆ ಕ್ಲಾರಿನೆಟ್ ನುಡಿಯುವುದಿಲ್ಲ ಅಮ್ಮಾ, ಬರೀ ಗಾಳಿ ಬರುತ್ತದೆ. ಇಷ್ಟು ವರ್ಷದ ಓದು ಅಲ್ಲೇ ಮುಗಿಯಿತು ಅಂದುಕೊಂಡೆ. ಆಗ ಬೆರಳಿಗೆ ಕ್ಲಿನಿಕ್ಕು ನೆನಪಾಯಿತು. ಅಪ್ಪನ ಕೂಗು ನಾನು ಮುಂದೆ ಶುರುಮಾಡಬೇಕಿದ್ದ ಸ್ವರಕ್ಕಿಂತ ಸ್ವಲ್ಪ ಕೆಳಗಿತ್ತು. ಉಸಿರು ಎಳೆದುಕೊಂಡು, ಅವನು ಕೂಗಿದ ಸ್ವರವನ್ನೇ ಹಿಡಿದೆ. ಉಳಿದದ್ದನ್ನೆಲ್ಲ ಅಲ್ಲಿಂದಲೇ ನುಡಿಸಿಕೊಂಡು ಹೋದೆ. ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಅದೇ ನಾಲ್ಕು ಸ್ವರ ನುಡಿಸಿ, ಬಗ್ಗಿ ನಮಸ್ಕಾರ ಮಾಡಿದೆ. ಎಲ್ಲರಿಗಿಂತ ಮೊದಲು ತಟ್ಟಿದವನು ಅಪ್ಪ, ಈ ಸಲ ಸರಿಯಾದ ಜಾಗದಲ್ಲಿ!

ಹಿರಿಯ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು. "ಆ ಕೂಗು ನೀನು ಬರೆದದ್ದಾ?"

"ಬರೆದಿರಲಿಲ್ಲ ಸಾರ್. ಜಾಗ ಬಿಟ್ಟಿದ್ದೆ."

ಅವರು ಅಪ್ಪನ ಕಡೆ ತಿರುಗಿ, ಎದ್ದು ನಿಂತು, ತಲೆಬಾಗಿದರು. ಅಪ್ಪ ಗಾಬರಿಯಲ್ಲಿ ಮತ್ತೆ ಕೈ ಮೇಲೆ ಕೂತ. ಹೊರಗೆ ಮೇಷ್ಟ್ರು ನನ್ನನ್ನು ತಡೆದರು. "ನಡುವೆ ಸ್ವರ ಬದಲಾದ್ರೂ ಹಾಗೆ ಹಿಡ್ಕೊಂಡು ಹೋಗೋದನ್ನ ನಾನು ನಿನಗೆ ಕಲಿಸಿಲ್ಲ. ಎಲ್ಲಿ ಕಲ್ತೆ?"

"ಹಲ್ಲಿನ ಡಾಕ್ಟರ ಹತ್ರ" ಅಂದೆ. ಅವರು ನಗಬೇಕೋ ಬೈಯಬೇಕೋ ತಿಳಿಯದೆ, ಕೊನೆಗೆ ನಕ್ಕರು. ನಾನು ಪಾಸಾಗಿದ್ದೇನೆ ಅಮ್ಮಾ! ಬಸ್ ಹತ್ತಿಸುವಾಗ ಅಪ್ಪ ನನ್ನ ಕೈ ಹಿಡಿದುಕೊಂಡು ಏನೋ ಹೇಳಿದ. ತುಟಿಗೆ ಇನ್ನೂ ಅರಿವು ಬಂದಿರಲಿಲ್ಲ, ಒಂದು ಅಕ್ಷರವೂ ತಿಳಿಯಲಿಲ್ಲ. ನಾನು ಹೂಂ ಹೂಂ ಅಂದೆ.

ನಿನ್ನ
ಪೀಪಿ


ಏಪ್ರಿಲ್ ೧೦

ಪೀಪಿಗೆ,

ನಿಮ್ಮಮ್ಮ ನಿನ್ನ ಕಾಗದವನ್ನು ನನಗೆ ಮಾತ್ರವಲ್ಲ, ಅಕ್ಕಪಕ್ಕದವರಿಗೂ ಓದಿದ್ದಾಳೆ. ಬೇಕರಿಯವನು ಈಗ ನನ್ನನ್ನು ಕಂಡರೆ "ಬಂದೇ" ಅನ್ನುತ್ತಾನೆ.

ನಾನು ಕೂಗಿದ್ದು ಯೋಚಿಸಿ ಅಲ್ಲ. ನೀನು ಕರೆದೆ, ನಾನು ಬಂದಿದ್ದೆ, ಬಂದೆ ಅಂದೆ. ಅಷ್ಟೇ. ಅಂದು ಬಸ್ಸಿನ ಹತ್ತಿರ ನಾನು ಹೇಳಿದ್ದು, ಹೋದ ವರ್ಷವೇ ಬರಬೇಕಿತ್ತು ಅಂತ.

ಹೊಸ ಹಲ್ಲು ನಿನ್ನೆ ಅಂಚೆಯಲ್ಲಿ ಬಂತು. ಡಾಕ್ಟರಮ್ಮ ಹತ್ತಿಯಲ್ಲಿ ಸುತ್ತಿ ಕಳಿಸಿದ್ದರು. ನನ್ನ ಹಲ್ಲನ್ನು ನಾನೇ ಮನೆಗೆ ತಲುಪಿಸಿದೆ. ಎಲ್ಲೂ ಸಡಿಲವಿಲ್ಲ, ಸುಯ್ ಅನ್ನುವುದಿಲ್ಲ. ಸಂಜೆ ಗೇಟಿನ ಹತ್ತಿರ ನಿಂತು ಸಿಳ್ಳೆ ಹಾಕಿ ನೋಡಿದೆ. ನಾಲ್ಕೂ ಸ್ವರ ಬಂದವು. ಅಭ್ಯಾಸ ನೋಡು, ಮುಗಿಸಿ ಹಾಗೇ ನಿಂತೆ.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಬಂದೇ...!" ಅಂದಳು ನಿಮ್ಮಮ್ಮ. ಜೋರಿದೆ, ಆದರೆ ಸ್ವರ ನಿನ್ನಷ್ಟು ಸರಿಯಿಲ್ಲ. ಶನಿವಾರ ಬಂದು ಸರಿಮಾಡು.

ಇಂತಿ ನಿನ್ನ ಅಪ್ಪ